ಪಂಚಮಿಗೆ ಕರೆಯಲು ಬಂದ ಮುತ್ಯಾ

ಮದುವೆಯಾದ ಮೇಲಿನ ಮೊದಲ ಪಂಚಮಿಗೆ ನನ್ನನ್ನು ಕರೆದೊಯ್ಯಲು ಮುತ್ಯಾನೇ ಬರುತ್ತಾನೆಂದು ತಿಳಿದಾಗ ನನಗೆ ಸಂತೋಷವಾಗಲಿಲ್ಲ, ಚಿಂತೆ ಹತ್ತಿತು.

ಮುತ್ಯಾ ನನ್ನ ತಂದೆಯ ತಂದೆ. ಮುಡಬಿಯ ಹತ್ತಿರದ ನಮ್ಮ ಊರಿನಲ್ಲಿ ಅವನನ್ನು ಬೈಯುವವರು ಯಾರೂ ಇರಲಿಲ್ಲ, ನಮ್ಮ ಮನೆಯವರನ್ನು ಬಿಟ್ಟರೆ. ಯಾರದೋ ಗೋಡೆ ಬಿದ್ದರೆ ಅವನು ಅಲ್ಲಿ. ಅಣ್ಣ ತಮ್ಮಂದಿರು ಬಾವಿಯ ನೀರಿಗೆ ಜಗಳಾಡಿದರೆ ಅವರ ನಡುವೆ ಅವನು. ಕಲ್ಯಾಣದ ಕಚೇರಿಯಲ್ಲಿ ಉರ್ದು ಬಲ್ಲವರೊಬ್ಬರು ಬೇಕೆಂದರೆ ಮನೆಯಲ್ಲಿ ಹಿಟ್ಟು ಬೀಸಿದೆಯೋ ಇಲ್ಲವೋ ನೋಡದೆ, ರೊಟ್ಟಿಯ ಗಂಟು ಕೇಳಿಕೊಂಡು ಅವನೇ ಹೊರಡುತ್ತಿದ್ದ. ತೀರಿಹೋದ ತಮ್ಮನ ಮಕ್ಕಳನ್ನೂ ತಾನೇ ಸಾಕಿ ಲಗ್ನ ಮಾಡಿಕೊಟ್ಟವನು. ಹೀಗೆ ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಅವನಿಗಾಗಿ ಒಲೆಯ ಮೇಲೆ ಸಾರು ಮತ್ತೆ ಮತ್ತೆ ಕಾಯಿಸಿದ ಅವನ ಹೆಂಡತಿ, ನಮ್ಮ ಆಯಿಯನ್ನು ಕೇಳಬೇಕಿತ್ತು.

ನನ್ನನ್ನು ಕೊಟ್ಟದ್ದು ದುಬಲಗುಂಡಿಗೆ. ಆಗ ನನಗೆ ಹದಿನಾಲ್ಕು ವರ್ಷ. ಅತ್ತೆ ಕೆಟ್ಟವಳಲ್ಲ, ಆದರೆ ಆಡಿದ ಮಾತು ತಪ್ಪುವವಳೂ ಅಲ್ಲ. ಶ್ರಾವಣದ ಮಳೆಗೆ ಹೆಸರಿನ ಹೊಲದಲ್ಲಿ ಕಳೆ ಎದ್ದಿತ್ತು. ಕೈಗಳು ಸಾಲದೆ ಅವಳು ಚಿಂತೆಯಲ್ಲಿದ್ದಳು.

"ಹಬ್ಬಕ್ಕ ಹೋಗು, ಬ್ಯಾಡ ಅನ್ನಂಗಿಲ್ಲ" ಎಂದಿದ್ದಳು. "ಹಬ್ಬದ ಮರುದಿನ ಹೊಳ್ಳಿ ಬರಬೇಕು. ಕಳೆ ನಿನ್ನ ಹಾದಿ ಕಾಯಂಗಿಲ್ಲ."

ನಾಗರ ಚೌತಿಗೆ ಎರಡು ದಿನ ಮೊದಲೇ ಬರುತ್ತೇನೆಂದು ಮುತ್ಯಾ ಹೇಳಿ ಕಳಿಸಿದ್ದ. ನಾನು ಸೀರೆ ಮಡಿಸಿ ಗಂಟು ಕಟ್ಟಿಟ್ಟೆ. ಆ ದಿನ ಬರಲಿಲ್ಲ. ಮರುದಿನವೂ ಇಲ್ಲ. ಓಣಿಯ ಸೊಸೆಯಂದಿರೆಲ್ಲ ಒಬ್ಬೊಬ್ಬರಾಗಿ ಅಣ್ಣನ ಜೊತೆ, ತಂದೆಯ ಜೊತೆ ತವರಿಗೆ ಹೋದರು. ನೀರಿಗೆ ಹೋದರೆ ಬಾವಿಯ ಕಟ್ಟೆ ಬಿಕೋ ಎನ್ನುತ್ತಿತ್ತು. ಅತ್ತೆ ನನ್ನ ಗಂಟನ್ನು ನೋಡುವಳು, ಒಳಗೆ ಹೋಗುವಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಚೌತಿಯ ದಿನ ಊಟದ ಹೊತ್ತು ಮೀರಿದ ಮೇಲೆ ಬಂಡಿ ಬಂತು. ಹೊಡೆಯುತ್ತಿದ್ದವನು ನನ್ನ ಕಾಕಾ, ಅಪ್ಪನ ತಮ್ಮ. ಅವನ ಮುಖ ಗಂಟಿಕ್ಕಿತ್ತು. ಮುತ್ಯಾ ಮಾತ್ರ ನಗುತ್ತಲೇ ಇಳಿದ.

"ಏನ್ರಿ ಹಿರ್ಯಾರ, ಇವತ್ತ ಬಂದೀರಿ?" ಎಂದಳು ಅತ್ತೆ.

"ಕಲ್ಯಾಣದಾಗ ಒಬ್ಬರದು ಹೊಲದ ತಕರಾರು ಇತ್ತವ್ವಾ. ಸಾಕ್ಷಿ ಹೇಳವರು ಯಾರೂ ಇದ್ದಿಲ್ಲ. ನಾ ಹ್ಯಾಂಗ ಬಿಟ್ಟು ಬರ್ಲಿ?"

"ಯಾರದ್ರಿ ಹೊಲ? ನಿಮ್ಮ ಪೈಕಿ ಏನು?"

"ಇಲ್ಲವ್ವಾ. ಅಲ್ಲೇ ಕಚೇರಿ ಮುಂದ ಪರಿಚಯ ಆದರು."

ಕಾಕಾ ಎತ್ತುಗಳ ಕಡೆ ತಿರುಗಿ ನಿಂತ. ಅತ್ತೆ ಕೈಕಾಲಿಗೆ ನೀರು ತರಲು ನನಗೆ ಹೇಳಿದಳು. ನಾನು ನಾಚಿಕೆಯಿಂದ ತಲೆ ಎತ್ತದೆ ಒಳಗೆ ಹೋದೆ.

ಹುಮನಾಬಾದಿಗೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಲ್ಲಿ ಸಂಬಂಧಿಕರೊಬ್ಬರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದೊಳಗೆ ಊರು ಸೇರಬಹುದು, ಹಾಲೆರೆಯುವುದು ತಪ್ಪಿದರೂ ಜೋಕಾಲಿ ಸಿಕ್ಕೇ ಸಿಗುತ್ತದೆ ಎಂದು ನಾನು ಲೆಕ್ಕ ಹಾಕಿಕೊಂಡೆ. ನಮ್ಮ ಮನೆಯ ಮುಂದಿನ ಬೇವಿನ ಮರಕ್ಕೆ ಬಾವಿಯ ಹಗ್ಗ ಬಿಚ್ಚಿ ತಂದು ಕಟ್ಟುತ್ತಿದ್ದರು. ಓಣಿಯ ಹುಡುಗಿಯರೆಲ್ಲ ಅಲ್ಲಿ ಸೇರುತ್ತಿದ್ದರು. ಹೊಸದಾಗಿ ಮದುವೆಯಾದವಳಿಗೆ ಮೊದಲ ಸರದಿ.

ಪಂಚಮಿಯ ಬೆಳಿಗ್ಗೆ ಮಳೆ ಜಿನುಗುತ್ತಿತ್ತು. ಹುಮನಾಬಾದ್ ದಾಟುವ ಕಡೆ, ರಸ್ತೆಯ ಪಕ್ಕದ ಮರದ ಕೆಳಗೆ ಗಂಡ ಹೆಂಡತಿ ಕೂತಿದ್ದರು. ಕೂಲಿಯವರು. ತುಂಬಿದ ಬಸುರಿ, ಮರಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದಳು. ಗಂಡ ತಲೆಯ ಮೇಲಿನ ಕಂಬಳಿಯನ್ನು ಅವಳಿಗೆ ಹೊದಿಸಿ ತಾನು ತೊಯ್ಯುತ್ತಿದ್ದ.

"ಬಂಡಿ ನಿಂದ್ರಸು" ಎಂದ ಮುತ್ಯಾ.

"ಅಪ್ಪಾ, ಹೊತ್ತಾಗ್ತದ" ಎಂದ ಕಾಕಾ.

"ನಿಂದ್ರಸು ಅಂದೆ."

ಅವರು ಹೊರಟಿದ್ದು ಮನ್ನಾಏಖೇಳ್ಳಿಗೆ, ಅವಳ ತವರಿಗೆ. ನಮ್ಮ ದಾರಿ ಒಂದು ಕಡೆ, ಅದು ಮತ್ತೊಂದು ಕಡೆ. ನಡೆದೇ ಹೋಗಬಹುದೆಂದು ಹೊರಟಿದ್ದರು, ಅವಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತ್ತು. ಮುತ್ಯಾ ನನ್ನ ಕಡೆ ತಿರುಗಿದಾಗಲೇ ನನಗೆ ಎಲ್ಲ ತಿಳಿದುಹೋಯಿತು.

"ತಂಗೀ, ಜರಾ ಇಳಿಯವ್ವಾ."

ಹಾದಿಯಲ್ಲಿ ಹೊರಟಿದ್ದ ಯಾರೋ ಒಬ್ಬ ನಿಂತು ನೋಡಿ, "ಯಾವ ಜಾತಿ ಅಂತ ಕೇಳಿದ್ರೇನ್ರಿ? ಅವರಿಗಿ ನಿಮ್ಮ ಬಂಡ್ಯಾಗ ಕೂಡಸ್ತೀರಾ?" ಎಂದ.

"ಮತ್ತೆಲ್ಲಿ ಕೂಡಸ್ಲಿ? ನಿನ್ನ ಹೆಗಲ ಮ್ಯಾಲ ಕೂಡಸ್ಕೊಂಡು ಹೋಗ್ತೀಯೇನು?" ಎಂದ ಮುತ್ಯಾ. ಅವನು ತನ್ನ ದಾರಿ ಹಿಡಿದ.

ನಾನು ಕೂತಿದ್ದ ಜಮಖಾನೆಯ ಮೇಲೆ ಅವಳನ್ನು ಮಲಗಿಸಿದೆವು. ಅವಳು ನನಗಿಂತ ಬಹಳ ದೊಡ್ಡವಳೇನಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು, ಬಂಡಿ ತಿರುಗುವಾಗ ಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟು ಬರುವಂತಿರಲಿಲ್ಲ. ಹಾಗಾಗಿ ಇದ್ದಷ್ಟೂ ಸಿಟ್ಟು ಮುತ್ಯಾನ ಮೇಲೇ ಹೋಯಿತು.

ಕಾಕಾ ಹಗ್ಗ ಎಳೆದು, "ನನಗೊಂದು ಮಾತು ಕೇಳಿದ್ಯಾ, ಅಪ್ಪಾ? ಹಬ್ಬ ನನಗೂ ಅದ" ಎಂದ. ಆದರೆ ಎತ್ತುಗಳನ್ನು ಮೆಲ್ಲಗೆ, ಕಲ್ಲು ತಪ್ಪಿಸಿ ಹೊಡೆದುಕೊಂಡು ಹೋದ.

"ನಡಕೋತ ಹೋಗೂಣ" ಎಂದ ಮುತ್ಯಾ ನನಗೆ. "ಹಾದ್ಯಾಗ ಯಾರದರ ಬಂಡಿ ಸಿಗ್ತದ."

ಹಬ್ಬದ ದಿನ ಯಾರು ಬಂಡಿ ಹೂಡುತ್ತಾರೆ? ಒಂದೂ ಸಿಗಲಿಲ್ಲ. ಕರಿಮಣ್ಣು ಕಾಲಿಗೆ ಮೆತ್ತಿಕೊಂಡು ಪ್ರತಿ ಹೆಜ್ಜೆಯೂ ಭಾರವಾಗುತ್ತಿತ್ತು. ಹೊಸ ಕಾಲುಂಗುರ ಬೆರಳನ್ನು ಕೊರೆಯುತ್ತಿತ್ತು. ದಾರಿಯ ಊರುಗಳಲ್ಲಿ ಮರಮರಕ್ಕೂ ಜೋಕಾಲಿ. ಹುಡುಗಿಯರು ಕೂಗಾಡುತ್ತಾ ಜೀಕುತ್ತಿದ್ದರು. ಮುತ್ಯಾ ನನ್ನ ಗಂಟನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆಯುತ್ತಾ, ಯಾರ ಹೊಲ ಹೇಗೆ ಬಂದಿದೆ, ಯಾರು ಕುಂಟೆ ಹೊಡೆದು ಹರಗಿಲ್ಲ ಎಂದು ಹೇಳುತ್ತಲೇ ಇದ್ದ. ಒಂದು ಹಳ್ಳದ ದಂಡೆಯಲ್ಲಿ ನಾನು ಕೂತುಬಿಟ್ಟೆ.

"ಯಾಕವ್ವಾ, ಕಾಲು ನೊಂದವಾ?"

"ಮುತ್ಯಾ, ನಾ ನಿನ್ನ ಮಮ್ಮಗಳಾಗಬಾರದಿತ್ತು" ಎಂದೆ. "ಯಾರದರ ಮಗಳಾಗಿ ಹಾದಿ ಬದಿಗಿ ಕೂತಿದ್ದರ, ನೀ ನನಗ ಹೊತ್ತಿಗಿ ಸರಿಯಾಗಿ ತವರಿಗಿ ಮುಟ್ಟಸ್ತಿದ್ದಿ."

ಮುತ್ಯಾ ಹಿಂತಿರುಗಿ ಬಂದ. ಗಂಟನ್ನು ಕೆಳಗಿಟ್ಟು ನನ್ನ ಪಕ್ಕ ಕೂತ. ಹಳ್ಳದ ನೀರಿನಲ್ಲಿ ನನ್ನ ಕಾಲು ತೊಳೆದು, ಕಾಲುಂಗುರ ಮೆಲ್ಲಗೆ ಬಿಚ್ಚಿ ತನ್ನ ಧೋತರದ ಸೆರಗಿಗೆ ಕಟ್ಟಿಕೊಂಡ. ಮುತ್ತೈದೆಯ ಕಾಲುಂಗುರ ಹಾದಿಯಲ್ಲಿ ಬಿಚ್ಚಬಾರದು ಎಂದು ನಾನು ಹೇಳಲಿಲ್ಲ, ಅವನೂ ಹೇಳಲಿಲ್ಲ. ಊರು ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ. ಅದು ಅವನ ಮಾತಿಗಿಂತ ಹೆಚ್ಚು ಕಷ್ಟವಾಯಿತು.

ನಾವು ಮುಟ್ಟಿದಾಗ ದೀಪ ಹಚ್ಚುತ್ತಿದ್ದರು. ಜೋಕಾಲಿಯ ಹಗ್ಗ ಬಿಚ್ಚಿ ಆಗಲೇ ಬಾವಿಗೆ ಒಯ್ದಿದ್ದರು. ಅವ್ವ ನನ್ನನ್ನು ಅಪ್ಪಿಕೊಂಡು ಅತ್ತಳು, ನನಗೂ ಅಳು ಬಂತು. ಆಯಿ ಮಾತ್ರ ಅಳಲಿಲ್ಲ.

"ಊರಿಗೆಲ್ಲಾ ನೀ ಬೇಕು. ಮನ್ಯಾಗಿನವರಿಗಿ ಯಾರು ಬೇಕು, ಹೇಳು?" ಎಂದು ಮುತ್ಯಾನನ್ನು ಕೇಳಿದಳು. "ಹಡಿಯಾಕತ್ತಾಕಿಗಿ ಬಂಡಿ ಕೊಟ್ಟಿ, ಚಲೋ ಮಾಡ್ದಿ. ಚೌತಿಗಿ ಮೊದಲು ಎರಡು ದಿನ ಎಲ್ಲಿದ್ದಿ? ಅಲ್ಲಿ ಯಾರು ಹಡಿಯಾಕತ್ತಿದ್ದರು?"

ಅವನು ತಲೆ ತಗ್ಗಿಸಿ ಉಂಡ. ಆಯಿ ನನ್ನ ಪಾಲಿನ ಶೇಂಗಾ ಉಂಡಿಗಳನ್ನು ತೆಗೆದಿಟ್ಟಿದ್ದಳು. ತಿನ್ನುತ್ತಾ ನಾಳೆಯೇ ಹಿಂತಿರುಗಬೇಕೆಂದು ನೆನಪಾಗಿ ಅರ್ಧ ಉಂಡಿಯನ್ನು ಹಾಗೇ ಇಟ್ಟೆ.

ಬೆಳಿಗ್ಗೆ ನಾವು ಏಳುವ ಮೊದಲೇ ಮುತ್ಯಾ ಕೋಲು ಹಿಡಿದು ಹೊರಟುಹೋಗಿದ್ದ. ಎಲ್ಲಿಗೆಂದು ಆಯಿಗೂ ಹೇಳಿರಲಿಲ್ಲ. ಬಂಡಿಯೂ ಇಲ್ಲದೆ ನಾನು ಹಿಂತಿರುಗುವಂತಿರಲಿಲ್ಲ. ಆ ದಿನ ಸಂಜೆ ಕಾಕಾ ಬಂಡಿಯೊಂದಿಗೆ ಬಂದ. ಅವಳಿಗೆ ತವರು ಮುಟ್ಟಿದ ಮೇಲೆ ಹೆಣ್ಣುಮಗು ಹುಟ್ಟಿತಂತೆ, ಇಬ್ಬರೂ ಚೆನ್ನಾಗಿದ್ದಾರಂತೆ. "ಅವರ ಮನ್ಯಾಗೇ ಉಂಡೆ, ಆಯಿ ಮುಂದ ಹೇಳಬ್ಯಾಡ" ಎಂದು ನನ್ನ ಕಿವಿಯಲ್ಲಿ ಹೇಳಿದ.

ಮುತ್ಯಾ ಬಂದದ್ದು ಅದರ ಮರುದಿನ. ದುಬಲಗುಂಡಿಗೆ ಹೋಗಿದ್ದನಂತೆ.

"ತಂಗೀ, ನೀ ಎಂಟು ದಿನ ಇರವ್ವಾ. ನಿಮ್ಮ ಅತ್ತೀಗಿ ಕೇಳಿ ಬಂದೀನಿ. ತಪ್ಪು ನಂದು, ಹುಡುಗೀಗಿ ಯಾಕ ಶಿಕ್ಷಾ ಅಂತ ಹೇಳ್ದೆ."

ನಾನು ಅವನ ಕೊರಳಿಗೆ ಬೀಳುವುದರಲ್ಲಿದ್ದೆ. ಆಯಿ ತಡೆದಳು. ಐವತ್ತು ವರ್ಷ ಅವನೊಂದಿಗೆ ಬಾಳಿದವಳು. "ಆಕಿ ಸುಮ್ಮನ ಹೂಂ ಅಂದಳಾ?" ಎಂದಳು.

ಮುತ್ಯಾ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಅವರ ಹೊಲದಾಗ ಕಳೆ ಭಾಳ ಆಗ್ಯಾವ. ನಮ್ಮ ಹುಡುಗರು ಇಬ್ಬರು ಬಂದು ತೆಗಿತಾರ ಅಂದೀನಿ."

ನಮ್ಮ ಹುಡುಗರು ಇಬ್ಬರು ಎಂದರೆ ಅಪ್ಪ ಮತ್ತು ಕಾಕಾ. ಕಾಕಾ ಬಂಡಿಯಿಂದ ಇಳಿದು ಬೆನ್ನು ಇನ್ನೂ ನೆಟ್ಟಗೆ ಮಾಡಿರಲಿಲ್ಲ. ಮಗಳನ್ನು ಕೊಟ್ಟ ಬೀಗರ ಹೊಲದಲ್ಲಿ ಅಪ್ಪ ಕಳೆ ಕೀಳುವುದೇ ಎಂದು ಅವ್ವ ಹಣೆ ಬಡಿದುಕೊಂಡಳು. ಅಪ್ಪ ಕಳೆ ತೆಗೆಯುವ ಕುರ್ಪಿ ಮಸೆಯಲು ಕೂತ. ನನಗಾಗಿ ಅವನು ಹೋದದ್ದು ಆಮೇಲೆ ಬಹಳ ವರ್ಷ ನನ್ನ ಮನಸ್ಸಿನಲ್ಲಿತ್ತು. ಕಾಕಾ ಮಾತ್ರ ಊರ ಹೊರಗಿನವರೆಗೂ ಬೈಯುತ್ತಲೇ ಹೋದನಂತೆ.

ಅವರಿಬ್ಬರೂ ಹೋದ ಮೇಲೆ ನಮ್ಮ ಹೊಲಕ್ಕೆ ಯಾರು? ಅವ್ವ, ನಾನು, ಮುತ್ಯಾ. ಜೋಕಾಲಿ ಇಲ್ಲ, ಗೆಳತಿಯರು ಇಲ್ಲ. ಅತ್ತೆಯ ಮನೆಯಲ್ಲಿ ತೆಗೆಯಬೇಕಾಗಿದ್ದ ಕಳೆಯನ್ನು ತವರಿನಲ್ಲಿ ತೆಗೆದೆ. ಆದರೆ ಆ ದಿನಗಳಲ್ಲಿ ಮುತ್ಯಾ ನನ್ನ ಪಕ್ಕದ ಸಾಲಿನಲ್ಲೇ ಕೂರುತ್ತಿದ್ದ. ಅತ್ತೆ ಹೇಗೆ, ಮಾವ ಹೇಗೆ, ಹೊಟ್ಟೆ ತುಂಬ ಉಣ್ಣುತ್ತೀಯಾ, ಗಂಡ ಮಾತಾಡಿಸುತ್ತಾನಾ ಎಂದು ಒಂದೊಂದೇ ಕೇಳಿದ. ಅಷ್ಟು ಹೊತ್ತು ಅವನು ನನ್ನೊಬ್ಬಳ ಮಾತು ಕೇಳಿದ್ದು ಅದೇ ಮೊದಲು.

ಕೊನೆಯ ದಿನ ಬದುವಿನ ಮೇಲೆ ಯಾರೋ ಬಂದು ನಿಂತು ಕೂಗಿದರು. "ಮುತ್ಯಾ, ಜರಾ ಬರ್ರಿ, ನಮ್ಮ ಮನ್ಯಾಗ ಜಗಳ ಹತ್ಯಾದ."

ಮುತ್ಯಾ ನನ್ನ ಮುಖ ನೋಡಿದ.

"ಸಂಜೀಕ ಬರ್ತೀನಿ, ಹೋಗಪ್ಪಾ. ಮಮ್ಮಗಳು ಬಂದಾಳ" ಎಂದ.

ನಾವು ಕಳೆ ಕೀಳುತ್ತಾ ಹೋದೆವು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಅವನು ಎರಡು ಸಲ ಬದುವಿನ ಕಡೆ ನೋಡಿದ. ಹೆಸರಿನ ಗಿಡವನ್ನೇ ಕಿತ್ತು ಕಳೆಯ ಗುಂಪಿಗೆ ಹಾಕಿದ.

"ಹೋಗು ಮುತ್ಯಾ" ಎಂದೆ.

"ಈಗ ಹೋಗಿ ಈಗ ಬಂದೆ ನೋಡು" ಎಂದು ಧೋತರ ಎತ್ತಿ ಕಟ್ಟಿಕೊಂಡು ಹೊರಟ. ಹೊತ್ತು ಮುಳುಗಿದರೂ ಬರಲಿಲ್ಲ. ಅವನ ಸಾಲನ್ನೂ ನಾನೇ ಮುಗಿಸಿ ಮನೆಗೆ ಬಂದೆ.