ಇಷ್ ಕೊಮ್ಮೆ ಅನ್ನಿಸಿದವಳು ನಾನು

ವಿಜಯನಗರ ಅಂದರೆ ಹೊಲ, ರಾಜಾಜಿನಗರ ಅಂದರೆ ಫ್ಯಾಕ್ಟರಿ ಸೈರನ್ನು ಅನ್ನುವ ಕಾಲ. ಎಪ್ಪತ್ತರ ದಶಕ. ಚಳಿ ಬಿತ್ತೆಂದರೆ ಮಾರೇನಹಳ್ಳಿ ಕಡೆಯಿಂದ ಹೆಂಗಸರು ಅವರೆಕಾಯಿ ಬುಟ್ಟಿ ಹೊತ್ತು ನಮ್ಮ ಬೀದಿಗೆ ಬರುತ್ತಿದ್ದರು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು. ಸಂಜೆ ಎಲ್ಲರೂ ಕೂತು ಕಾಯಿ ಸುಲಿಯುವುದು, ಕಾಳು ನೆನೆಹಾಕುವುದು, ಆಮೇಲೆ ಒಂದೊಂದೇ ಹಿತುಕಿ ಸಿಪ್ಪೆ ಬಿಡಿಸುವುದು. ಕಾಳು ಚಂಗನೆ ಹಾರಿ ಮಂಚದಡಿ ಹೋಗುವುದು. ಬೆರಳಿಗೆ ಹತ್ತಿದ ಸೊಗಡು ಸ್ಕೂಲ್ ಪುಸ್ತಕಕ್ಕೂ ಹತ್ತುತ್ತಿತ್ತು.

ಆ ಸೊಗಡಿನಲ್ಲೇ ನಾನು ಜರ್ಮನ್ ಕಲಿತೆ. ಅದನ್ನು ಆಡಿ ತೋರಿಸಿದವರು ಯಾರು ಅನ್ನುವುದರ ಬಗ್ಗೆ ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ದೊಡ್ಡ ಸುಳ್ಳು ಓದಿದೆ. ಅದಕ್ಕೇ ಒಂದೇ ಬೆರಳಲ್ಲಿ ಫೋನು ಕುಟ್ಟುತ್ತಾ ಕೂತಿದ್ದೇನೆ. ಮೊಮ್ಮಗಳು ಟೈಪ್ ಮಾಡುವುದು ಹೇಳಿಕೊಟ್ಟು ತಿಂಗಳಾಗಿಲ್ಲ. ಕೋಪ ಬೆರಳಿಗಿಂತ ಮುಂದೆ ಓಡುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಚಿಕ್ಕಪ್ಪ ಇಂಡಸ್ಟ್ರಿಯಲ್ ಟೌನಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಜರ್ಮನಿಯಿಂದ ಮೆಷಿನ್ನು ಬಂದಿತ್ತು, ಜೊತೆಗೆ ಒಬ್ಬ ಇಂಜಿನಿಯರೂ ಬಂದಿದ್ದರು. ಸ್ವಲ್ಪ ಭಾಷೆ ಬಂದರೆ ಟ್ರೈನಿಂಗಿಗೆ ಅವರ ದೇಶಕ್ಕೇ ಕಳಿಸುತ್ತಾರೆ ಎಂದು ಚಿಕ್ಕಪ್ಪ ಜರ್ಮನ್ ಹೇಳಿಕೊಡಲು ಒಬ್ಬ ಮೇಷ್ಟ್ರನ್ನು ಗೊತ್ತುಮಾಡಿಕೊಂಡ. ಸಂಜೆ ನಮ್ಮ ಹಜಾರದಲ್ಲಿ ಪಾಠ. ಮೂಲೆಯಲ್ಲಿ ಅಜ್ಜಿ, ನಾನು, ಅವರೆಕಾಳಿನ ಪಾತ್ರೆ.

ಕೊಮ್ಮನ್ ಅಂದರೆ ಬರೋದು, ಗೇಯನ್ ಅಂದರೆ ಹೋಗೋದು, ಸಾಗನ್ ಅಂದರೆ ಹೇಳೋದು ಎಂದು ಮೇಷ್ಟ್ರು ಶುರುಮಾಡಿದರು.

"ಗೇಯೋದು ಅಂದ್ರೆ ಹೋಗೋದಾ?" ಅಂದಳು ಅಜ್ಜಿ. "ನಮ್ಮಲ್ಲಿ ಗೇಯೋದು ಅಂದ್ರೆ ಮೈಮುರಿದು ದುಡಿಯೋದು. ಇವನು ಎರಡೂ ಮಾಡಲ್ಲ."

ಚಿಕ್ಕಪ್ಪ ಎಲ್ಲವನ್ನೂ ಇಂಗ್ಲಿಷಿನಲ್ಲಿ ಇಟ್ಟು ನೋಡುತ್ತಿದ್ದ. ಇಷ್ ಕೊಮ್ಮನ್, ಡು ಕೊಮ್ಮನ್, ಎರ್ ಕೊಮ್ಮನ್.

"ನಾನು ಬರೋದು, ನೀನು ಬರೋದು, ಅವನು ಬರೋದು ಅಂದಂಗಾಯ್ತಲ್ರೀ," ಎಂದು ಮೇಷ್ಟ್ರು ಹಣೆ ಒತ್ತಿಕೊಂಡರು.

ನಾನು ಮೂಲೆಯಿಂದ ಅಂದೆ. "ಬರ್ತೀನಿ, ಬರ್ತೀಯ, ಬರ್ತಾನೆ. ಹಂಗೇ ಬಾಲ ಬದಲಾಗುತ್ತೆ ಅಲ್ವಾ ಮೇಷ್ಟ್ರೇ? ಕೊಮ್ಮೆ, ಕೊಮ್ಸ್ಟ್, ಕೊಮ್ಟ್."

ಮೇಷ್ಟ್ರು ತಿರುಗಿ ನೋಡಿದರು. "ಈ ಪುಟ್ಟಿ ಮುಂದೆ ಬಂದು ಕೂತ್ಕೊಳ್ಳಲಿ. ಇಬ್ಬರಿದ್ರೆ ನನಗೂ ಮಾತಾಡಿಸೋಕೆ ಸುಲಭ."

ಅಂದಿನಿಂದ ಚಾಪೆ ಮೇಲೆ ನನಗೂ ಜಾಗ. ಬೀದಿಯಲ್ಲಿ ಕುಂಟೆಬಿಲ್ಲೆಗೆ ಆರು ಮನೆ ಬರೆದು, ಒಂದೊಂದು ಮನೆಗೂ ಒಂದೊಂದು ಬಾಲ ಹೇಳಿ ಕುಂಟುತ್ತಿದ್ದೆ. ಗೆಳತಿಯರು ಮಂತ್ರ ಹಾಕ್ತಿದಾಳೆ ಕಣೇ ಎಂದು ದೂರ ನಿಲ್ಲುತ್ತಿದ್ದರು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅಲ್ಲಿನ ಮರ್ಯಾದೆ. ಡು ಅಂದರೆ ನೀನು, ಸೀ ಅಂದರೆ ನೀವು. ಇಂಗ್ಲಿಷಿನಲ್ಲಿ ರಾಜನಿಗೂ ನಾಯಿಗೂ ಒಂದೇ ಯೂ.

"ಸಂಕ್ರಾಂತಿ ಆದ್ಮೇಲೆ ಭೂತಕಾಲ ಶುರು ಮಾಡೋಣ," ಅಂದಿದ್ದರು ಮೇಷ್ಟ್ರು. "ಆಮೇಲೆ ಇವಳಿಗೂ ಒಂದು ಪರೀಕ್ಷೆ ಕಟ್ಟಿಸ್ತೀನಿ." ಎಳ್ಳುಬೆಲ್ಲಕ್ಕಿಂತ ಭೂತಕಾಲಕ್ಕೇ ನಾನು ಹೆಚ್ಚು ಕಾದಿದ್ದೆ.

ಹಬ್ಬಕ್ಕೆ ಮುಂಚಿನ ಭಾನುವಾರ ಚಿಕ್ಕಪ್ಪ ಆ ಇಂಜಿನಿಯರನ್ನು ಊಟಕ್ಕೆ ಕರೆದ. ಹಿತುಕಿದಬೇಳೆ ಸಾರು, ಅಕ್ಕಿ ರೊಟ್ಟಿ. ಸಾಹೇಬರು ಖಾರಕ್ಕೆ ಕಣ್ಣಲ್ಲಿ ನೀರು ಸುರಿಸಿಕೊಂಡು ಎರಡು ಸಲ ಹಾಕಿಸಿಕೊಂಡರು. ಚಿಕ್ಕಪ್ಪ ಅವರು ಏನು ಹೇಳಿದರೂ ಯಾ ಯಾ ಎನ್ನುತ್ತಿದ್ದ. ಹೊರಡುವಾಗ ಸಾಹೇಬರು ಹೊಸ್ತಿಲಲ್ಲಿ ಬೂಟು ಹಾಕಿಕೊಳ್ಳುತ್ತಾ, "ಇಷ್ ಗೇಯ," ಅಂದರು.

"ಏನಂತಾನೇ?" ಎಂದಳು ಅಜ್ಜಿ.

"ಹೋಗ್ತೀನಿ ಅಂತಿದಾರೆ."

"ಉಂಡ ಮನೆ ಹೊಸ್ತಿಲಲ್ಲಿ ನಿಂತು ಹೋಗ್ತೀನಿ ಅಂತಾರೇನೇ? ಬಿಡ್ತು ಅನ್ನು. ಬರ್ತೀನಿ ಅನ್ನಕ್ಕೆ ಹೇಳು ಅವನಿಗೆ."

ನಾನು ಮುಂದೆ ಹೋಗಿ ನಿಂತೆ. "ನೈನ್. ಸಾಗನ್ ಸೀ, ಇಷ್ ಕೊಮ್ಮೆ." ಇಲ್ಲ, ಬರ್ತೀನಿ ಅನ್ನಿ.

ಸಾಹೇಬರು ಒಂದು ಬೂಟು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ಹೊರಟವನು ಬರುತ್ತೇನೆ ಅನ್ನುವುದು ಯಾವ ಲೆಕ್ಕ? ವಿವರಿಸುವಷ್ಟು ಮಾತು ನನ್ನ ಹತ್ತಿರ ಇರಲಿಲ್ಲ. ಅಜ್ಜಿಯನ್ನು ತೋರಿಸಿದೆ, ಬೆರಳುಗಳನ್ನು ಬಾಗಿಲ ಆಚೆ ನಡೆಸಿ ಗೇಯನ್ ಅಂದೆ, ತಿರುಗಿ ಒಳಗೆ ನಡೆಸಿ ಕೊಮ್ಮನ್ ಅಂದೆ. ಅವರ ಮುಖ ಅರಳಿತು. ಬೂಟು ಕೆಳಗಿಟ್ಟು ಅಜ್ಜಿಗೆ ಕೈಮುಗಿದು, "ಇಷ್ ಗೇಯ, ಇಷ್ ಕೊಮ್ಮೆ," ಅಂದರು. ಹೋಗಿ ಬರ್ತೀನಿ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, ಈ ಮಗುವಿಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಇಂಗ್ಲಿಷಿನಲ್ಲೇ ಹೇಳಿದರು. ಚಿಕ್ಕಪ್ಪನಿಗೆ ಅರ್ಥವಾಗಲಿ ಎಂದು.

ಗೇಟು ಮುಚ್ಚಿದ್ದೇ ಅಪ್ಪಾಜಿ ನನ್ನ ಕಿವಿ ಹಿಡಿದರು.

"ಮನೆಗೆ ಬಂದವರಿಗೆ ಛೀ ಅಂತೀಯಾ?"

"ಛೀ ಅಲ್ಲ ಅಪ್ಪಾಜಿ, ಸೀ. ಸೀ ಅಂದ್ರೆ ನೀವು. ಮರ್ಯಾದೆ ಕೊಟ್ಟೇ ಮಾತಾಡ್ದೆ. ಚಿಕ್ಕಪ್ಪನ್ನೇ ಕೇಳಿ."

ಅಪ್ಪಾಜಿ ಚಿಕ್ಕಪ್ಪನನ್ನು ನೋಡಿದರು. ಅವನಿಗೆ ಅದು ಗೊತ್ತಿತ್ತು. ಅವನಿಗೆ ಗಟ್ಟಿಯಾಗಿ ಗೊತ್ತಿದ್ದ ನಾಲ್ಕು ಮಾತಿನಲ್ಲಿ ಅದೂ ಒಂದು. ಆದರೆ ಅವನು ಗೋಡೆ ನೋಡುತ್ತಾ, "ಏನೋಪ್ಪ. ಸಾಹೇಬ್ರ ಮುಂದೆ ನನ್ನ ಮಾನ ಹೋಯ್ತು," ಅಂದ.

"ನಾನೇ ಕಣೋ ಹೇಳ್ಸಿದ್ದು," ಎಂದಳು ಅಜ್ಜಿ.

"ನೀನು ಸುಮ್ನಿರಮ್ಮ," ಅಂದರು ಅಣ್ಣ ತಮ್ಮ ಇಬ್ಬರೂ.

ಹೆಣ್ಣುಮಗು ಇನ್ನು ಹಜಾರಕ್ಕೆ ಬರಕೂಡದು ಎಂದಾಯಿತು. ಮಾರನೆಯ ಸಂಜೆ ಮೇಷ್ಟ್ರಿಗೆ ಕಾಫಿ ಕೊಡುವ ನೆಪದಲ್ಲಿ ಹೋದೆ. "ಮೇಷ್ಟ್ರೇ, ಸೀ ಅಂದ್ರೆ ನೀವು ಅಂತ ಅಪ್ಪಾಜಿಗೆ ಒಂದ್ಮಾತು ಹೇಳಿ." ಅವರು ಅಪ್ಪಾಜಿಯನ್ನು ನೋಡಿದರು, ಚಿಕ್ಕಪ್ಪನನ್ನು ನೋಡಿದರು, ಲೋಟದೊಳಗೆ ನೋಡಿದರು. "ಕಾಫಿ ಚೆನ್ನಾಗಿದೆ ಮಗು," ಅಂದರು.

ಆ ಕಾಫಿಗೆ ನಾನು ಉಪ್ಪು ಹಾಕಬೇಕಿತ್ತು. ಈಗಲೂ ಅನ್ನಿಸುತ್ತದೆ.

ಸಂಕ್ರಾಂತಿ ಕಳೆಯಿತು. ಹಜಾರಕ್ಕೂ ಅಡುಗೆಮನೆಗೂ ನಡುವಿನ ಬಾಗಿಲು ಹಾಕಿ ಭೂತಕಾಲದ ಪಾಠ ನಡೆಯಿತು. ನಾನು ಬಾಗಿಲಿಗೆ ಕಿವಿ ಕೊಟ್ಟೆ. "ಇಷ್ ವಾರ್," ಎಂದರು ಮೇಷ್ಟ್ರು. "ಅಂದ್ರೆ ನಾನು ಇದ್ದೆ." ಅಷ್ಟು ಕೇಳಿಸಿತು. ಅಮ್ಮ ನನ್ನನ್ನು ನೋಡಿದಳು, ಸೀಮೆಎಣ್ಣೆ ಸ್ಟವ್ವಿಗೆ ಪಂಪು ಹೊಡೆದಳು. ಅದರ ಭರ್ರೋ ಸದ್ದಿನಲ್ಲಿ ಉಳಿದದ್ದೆಲ್ಲ ಮುಳುಗಿಹೋಯಿತು.

ಚಿಕ್ಕಪ್ಪ ಜರ್ಮನಿಗೆ ಹೋಗಿಬಂದ. ನನಗೆ ಒಂದು ಚಾಕಲೇಟ್ ತಂದ. ತಿನ್ನಲಿಲ್ಲ. ಪಕ್ಕದ ಮನೆ ನಾಯಿಗೆ ಹಾಕೋಣ ಎಂದು ಹೋದೆ, ಅದೂ ಮೂಸಿ ಬಿಟ್ಟಿತು. ಬುದ್ಧಿವಂತ ನಾಯಿ.

ಈಗ ನಮ್ಮ ಬೀದಿಗೆ ಬುಟ್ಟಿ ಹೊತ್ತು ಬರುವವರಿಲ್ಲ. ಹಿತುಕಿದಬೇಳೆ ಪ್ಲಾಸ್ಟಿಕ್ ಕವರಿನಲ್ಲಿ ಸಿಗುತ್ತದೆ, ಸೊಗಡಿಲ್ಲ. ಅಜ್ಜಿಯಿಲ್ಲ, ಅಪ್ಪಾಜಿಯಿಲ್ಲ, ಸೀ ಎಂದರೇನೆಂದು ಅವರಿಗೆ ಕೊನೆಗೂ ಯಾರೂ ಹೇಳಲಿಲ್ಲ. ಬಾಲ ಬದಲಾಗುವ ಆ ಮಾತುಗಳು ಮಾತ್ರ ನನ್ನಲ್ಲಿ ಹಾಗೇ ಇವೆ. ಬರ್ತೀನಿ, ಹೋಗ್ತೀನಿ, ಹೇಳ್ತೀನಿ. ಎಲ್ಲ ವರ್ತಮಾನದಲ್ಲೇ ನಿಂತಿವೆ. ಬಂದೆ, ಹೋದೆ, ಹೇಳಿದೆ ಅನ್ನಲು ಆ ಭಾಷೆಯಲ್ಲಿ ನನಗೆ ಬರುವುದಿಲ್ಲ.

ಮೊನ್ನೆ ಚಿಕ್ಕಪ್ಪ ಗ್ರೂಪಿನಲ್ಲಿ ಬರೆದಿದ್ದ. ಸಾಹೇಬರು ಇಷ್ ಗೇಯ ಅಂದರಂತೆ, ಇವನು ತಡೆದು, ನಮ್ಮ ಸಂಪ್ರದಾಯ ಹೀಗಲ್ಲ ಎಂದು ಇಷ್ ಕೊಮ್ಮೆ ಅನ್ನಿಸಿದನಂತೆ. ಕೆಳಗೆ ಸಾಲು ಸಾಲು ಚಪ್ಪಾಳೆ, ಕೈಮುಗಿದ ಚಿತ್ರ. ನನ್ನ ಮಗನೇ ಎರಡು ಚಪ್ಪಾಳೆ ಹಾಕಿದ್ದ.

ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಕಳಿಸಿದೆ. ಇಷ್ ವಾರ್.

ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನ ಉತ್ತರ ಬಂತು. "ಹಂಗಂದ್ರೆ ಏನೇ ಪುಟ್ಟಿ?"

ನಾನಿನ್ನೂ ಹೇಳಿಲ್ಲ. ಅವತ್ತಿನ ಹಾಗೆ ಇವತ್ತೂ ಸ್ಟವ್ ಸದ್ದಿನಲ್ಲಿ ಪುಟ್ಟಿಗೆ ತನ್ನ ಪ್ರಶ್ನೆ ಕೇಳಿಸಲಿಲ್ಲ ಅಂದುಕೊಳ್ಳಲಿ.