ದುರ್ಗಕ್ಕ ಕಟ್ಟದ ಬಟ್ಟೆ

ಹೊಸಪೇಟೆಯ ಕಲರ್ ಲ್ಯಾಬಿನ ಕೌಂಟರಿನ ಮೇಲೆ ಫೋಟೋಗಳನ್ನು ಹರಡಿಕೊಂಡು ನಿಂತ ದುರ್ಗಕ್ಕನಿಗೆ, ಇವು ಬೇರೆ ಯಾರದೋ ಇರಬೇಕು ಅನ್ನಿಸಿತು. ಬೇವಿನ ಮರವೇನೋ ಸಂಡೂರಿನಲ್ಲಿ ಅವಳ ಮನೆ ಮುಂದಿರುವುದೇ. ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯೂ ಪಕ್ಕದ ಮನೆಯವರದೇ. ಆದರೆ ಎಲೆಗಳು ಈಗಷ್ಟೇ ಮಳೆ ಬಂದು ನಿಂತ ಹಾಗೆ ಹಸಿರಾಗಿದ್ದವು. ಗಣಿಯ ಅದಿರು ಲಾರಿಗಳಲ್ಲಿ ಚೀನಾಕ್ಕೆ ಹೋಗಲು ಶುರುವಾಗಿ ಕೆಂಪು ಧೂಳು ಕವಿದ ಮೇಲೆ ಆ ರಸ್ತೆಬದಿಯಲ್ಲಿ ಅಂಥ ಹಸಿರನ್ನು ಯಾರೂ ಕಂಡಿರಲಿಲ್ಲ.

“ಏನಪ್ಪ ಸಿದ್ದಲಿಂಗೇಶ, ನಮ್ಮ ಬೇವಿನ ಮರಕ್ಕ ಯಾರು ನೀರು ಎರೆದ್ರು?”

ಮಶೀನಿನ ಮುಂದೆ ಕೂತಿದ್ದ ಸಿದ್ದಲಿಂಗೇಶ ತಿರುಗದೆಯೇ ನಕ್ಕ. “ನಾನೇ ಅಕ್ಕ. ಸಂಡೂರು ಕಡೀ ರೋಲ್ ಬಂದ್ರ ಕೆಂಪು ಇಳಿಸೇ ಪ್ರಿಂಟ್ ಹಾಕೋದು. ಇಲ್ಲಾಂದ್ರ ಮದಿವಿ ಹುಡುಗಿ ಮಾರಿ ಇಟ್ಟಂಗಿ ಆದಂಗ ಕಾಣ್ತತಿ. ಬೀಗರು ಬಂದು ನನ್ನ ಜೋಡಿ ಜಗಳ ತೆಗೀತಾರ.”

“ನಾನು ಮದಿವಿ ತೆಗದಿಲ್ಲಲ್ಲ, ಮರ ತೆಗದೀನಿ.”

“ಮರಾನೂ ಚೆಂದ ಕಾಣಬೇಕಲ್ಲಕ್ಕ?”

ದುರ್ಗಕ್ಕನ ಮೈ ಉರಿಯಿತು. ಅಂದರೆ ಇಷ್ಟು ವರ್ಷ ಸಂಡೂರಿನಲ್ಲಿ ನಡೆದ ಮದುವೆ, ನಾಮಕರಣ, ಶಾಲೆಯ ಗುಂಪು ಫೋಟೋ, ಎಲ್ಲದರಿಂದಲೂ ಧೂಳನ್ನು ಇಲ್ಲಿ ಕೂತು ಒರೆಸಿ ಕಳಿಸಿದ್ದಾರೆ. ಜನ ಕುಡಿಯುವುದು ಕೆಂಪು, ಕೆಮ್ಮುವುದು ಕೆಂಪು, ಆಲ್ಬಮಿನಲ್ಲಿ ಮಾತ್ರ ಊರು ಹಸಿರು. ನಾಳೆ ಮೊಮ್ಮಕ್ಕಳು ಇದನ್ನು ನೋಡಿ, ನಮ್ಮವರು ಎಂಥ ತಂಪಿನಲ್ಲಿ ಬದುಕಿದ್ದರು ಅಂದುಕೊಳ್ಳುತ್ತಾರೆ.

“ಇದ್ದದ್ದು ಇದ್ದಂಗ ಹಾಕು,” ಎಂದಳು. “ಇಲ್ಲಾಂದ್ರ ಇಲ್ಲೇ ಕುಂದುರ್ತೀನಿ.”

ಅವನು ಗೊಣಗುತ್ತಾ ಮತ್ತೆ ಹಾಕಿಕೊಟ್ಟ. ಈ ಸಲ ಮರ ಮರದ ಹಾಗೇ ಬಂತು. ಎಲೆಯೆಲ್ಲ ಒಣಗಿದ ರಕ್ತದ ಬಣ್ಣ.

ದುರ್ಗಕ್ಕ ಓಣಿಯ ಹೆಂಗಸರಿಗೆ ಜಾಕೀಟು, ಲಂಗ ಹೊಲಿಯುವವಳು. ಕ್ಯಾಮೆರಾ ಅವಳ ಸೋದರಮಾವನದು. ಮದುವೆ ಫೋಟೋ ತೆಗೆಯುತ್ತಿದ್ದ ಮಾವ ಡಿಜಿಟಲ್ ಕೊಂಡಾಗ, ಮೂಲೆಗೆ ಬಿದ್ದ ರೀಲಿನ ಕ್ಯಾಮೆರಾವನ್ನು ಸೋದರಸೊಸೆಯ ಕೈಗಿಟ್ಟು, “ಆಡ್ಕೋ ಹೋಗು” ಅಂದಿದ್ದ. ಅವಳು ಆಡಿಯೇ ಆಡಿದಳು. ಹೊಲಿಗೆ ಯಂತ್ರದ ಕೆಳಗೆ ಬೀಳುವ ಬಟ್ಟೆ ಚೂರುಗಳನ್ನು ಒಂದೊಂದಾಗಿ ಲೆನ್ಸಿಗೆ ಕಟ್ಟಿ ನೋಡಿದಳು. ನೈಲಾನ್ ಜಾಲರಿ ಕಟ್ಟಿದರೆ ದೀಪ ನಾಲ್ಕೂ ದಿಕ್ಕಿಗೆ ಮುಳ್ಳು ಚಾಚುತ್ತಿತ್ತು. ಹಳದಿ ಜಾರ್ಜೆಟ್ ಕಟ್ಟಿದರೆ ನಡುಮಧ್ಯಾಹ್ನವೂ ಸಂಜೆಯಾಗುತ್ತಿತ್ತು. ನೀಲಿ ಲೈನಿಂಗಿನಲ್ಲಿ ಅತ್ತೆಯ ಮುಖ ಕಂಡು ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು, ಅತ್ತೆಯೂ ಸೇರಿ. ಒಮ್ಮೆ ತೆಗೆದ ರೀಲನ್ನೇ ಹಿಂದಕ್ಕೆ ಸುತ್ತಿ ಮತ್ತೆ ತೆಗೆದಾಗ, ಮಲ್ಲಿಗೆ ದಂಡೆಯ ಒಳಗಿಂದ ಟಿಪ್ಪರ್ ಲಾರಿ ಹಾದುಬಂದಿತ್ತು. ಅದನ್ನು ನೋಡಿ ಅವಳಿಗೆ ಅಂದು ಊಟ ಸೇರಿರಲಿಲ್ಲ, ಅಷ್ಟು ಖುಷಿ. ಓಣಿಯ ಹೆಂಗಸರು, “ದುರ್ಗಕ್ಕ ಸೂರ್ಯಗೂ ಲಂಗ ಹೊಲೀತಾಳ” ಎಂದು ಆಡಿಕೊಳ್ಳುತ್ತಿದ್ದರು.

ಬೇವಿನ ಮರಕ್ಕೆ ಮಾತ್ರ ಅವಳು ಏನನ್ನೂ ಕಟ್ಟಿರಲಿಲ್ಲ. ಕಟ್ಟುವ ಅಗತ್ಯವೇ ಇರಲಿಲ್ಲ.

ಹೊಸಪೇಟೆಯಲ್ಲಿ ಹವ್ಯಾಸಿಗಳ ಒಂದು ಬಳಗ ವರ್ಷಕ್ಕೊಮ್ಮೆ ಫೋಟೋ ಪ್ರದರ್ಶನ ಇಡುತ್ತಿತ್ತು. ಕಂಪ್ಲಿಯ ಅಕ್ಕಿ ಗಿರಣಿಯ ಸಾವ್ಕಾರ ದೊಡ್ಡಬಸಪ್ಪ ಅದರ ಮುಖಂಡರು. ನಸುಕಿನಲ್ಲಿ ಹಂಪಿಯ ಗುಡ್ಡ ಹತ್ತಿ ಸೂರ್ಯೋದಯ ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಆ ಸಲದ ವಿಷಯ ‘ನಮ್ಮೂರು’ ಎಂದು ತಿಳಿದು ದುರ್ಗಕ್ಕ ಬೇವಿನ ಮರವನ್ನು ಕೊಟ್ಟುಬಂದಳು. ಸಂಡೂರು ಈಗ ಹೇಗಿದೆ ಎಂದು ಹೊಸಪೇಟೆಯವರಾದರೂ ನೋಡಲಿ ಎಂಬುದಷ್ಟೇ ಅವಳ ಆಸೆ.

ಪ್ರದರ್ಶನದ ಮೊದಲ ದಿನ ಅವಳ ಫೋಟೋ ‘ನಮ್ಮೂರು’ ಎಂಬ ಗೋಡೆಯ ಮೇಲೆ ಇರಲೇ ಇಲ್ಲ. ಹುಡುಕಿದರೆ ‘ಪ್ರಯೋಗ’ ಎಂಬ ಮೂಲೆಯಲ್ಲಿ ತೂಗುತ್ತಿತ್ತು. ಕೆಳಗೆ ‘ಕೆಂಪು ಕನಸು’ ಎಂದು ಯಾರೋ ಹೆಸರಿಟ್ಟು ಚೀಟಿ ಅಂಟಿಸಿದ್ದರು. ಪಕ್ಕದಲ್ಲಿ ಬಹುಮಾನದ ರಿಬ್ಬನ್ನು.

“ಬಾ ತಂಗಿ,” ಎಂದು ದೊಡ್ಡಬಸಪ್ಪನವರೇ ಎದುರು ಬಂದರು. “ಭಾಳ ಚೊಲೋ ಕಲ್ಪನೆ. ನೀನು ಲೆನ್ಸಿಗೆ ಬಟ್ಟಿ ಕಟ್ತೀ ಅಂತ ಕೇಳೀನಿ. ಇದಕ್ಕ ಯಾವ ಬಟ್ಟಿ ಕಟ್ಟಿದ್ದಿ? ರೇಶಿಮಿಯೋ?”

“ಯಾವ್ದೂ ಕಟ್ಟಿಲ್ರಿ ಸಾವ್ಕಾರ್ರೆ. ಮರನೇ ಹಂಗೈತಿ.”

ಸುತ್ತ ನಿಂತವರು ನಕ್ಕರು. “ಅಡಿಗಿ ಗುಟ್ಟು ಯಾರರ ಬಿಟ್ಟುಕೊಡ್ತಾರೇನ್ರಿ?” ಎಂದಿತು ಒಂದು ದನಿ. ದೊಡ್ಡಬಸಪ್ಪನವರು ಪ್ರೀತಿಯಿಂದಲೇ, “ಇರ್ಲಿ ಬಿಡು, ನಿನ್ನ ಕಸುಬು ನಿನಗ” ಅಂದರು.

ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ಅವಳ ಮಕ್ಕಳು ಉಣ್ಣುವ ತಟ್ಟೆಯ ಮೇಲೆ ಬೀಳುವ ಮಣ್ಣನ್ನು ಇವರು ಅವಳ ಕಲ್ಪನೆ ಎಂದು ಹೊಗಳಿದ್ದರು. ಸಂಡೂರು ಇಲ್ಲಿಂದ ಒಂದು ಘಾಟಿ ದಾಟಿದರೆ ಸಿಗುವ ಊರು. ಅದಿರಿನ ಲಾರಿಗಳು ಇವರ ಊರಿನ ಮೇಲೂ ಹೋಗುತ್ತವೆ. ಕಣ್ಣಾರೆ ನೋಡಿದ್ದನ್ನೂ ಫೋಟೋದಲ್ಲಿ ನಂಬದಿದ್ದರೆ ಏನು ಮಾಡುವುದು? ಬಹುಮಾನ ಮುಟ್ಟದೆ ಅವಳು ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ಗಂಡ ಹೊನ್ನೂರಪ್ಪ ಟಿಪ್ಪರ್ ನಿಲ್ಲಿಸಿ ಮನೆಗೆ ಬಂದ. ರೆಪ್ಪೆ, ಕಿವಿ, ಮೀಸೆ, ಎಲ್ಲವೂ ಒಂದೇ ಬಣ್ಣ. ದುರ್ಗಕ್ಕ ಸಿಟ್ಟಿನಲ್ಲಿ ಎಲ್ಲವನ್ನೂ ಹೇಳಿಕೊಂಡಳು.

“ಬಹುಮಾನ ಕೊಟ್ರ ತಗೊಂಡು ಬರೋದು ಬಿಟ್ಟು ಸಿಟ್ಟು ಮಾಡ್ಕೊಂಡು ಬಂದೇನಲೇ? ನಾಕು ಮಂದಿ ನಮ್ಮನ್ನ ನೋಡೋದ ಹೆಚ್ಚು,” ಎಂದು ಅವನು ಬಚ್ಚಲ ಕಲ್ಲಿನ ಮೇಲೆ ಕೂತು ತಂಬಿಗೆ ಎತ್ತಿದ. ಒಂದು ಬೊಗಸೆ ನೀರು ಕೆನ್ನೆಗೆ ಬಿತ್ತು. ಕೆಂಪಿನ ನಡುವೆ ಅವನ ಸ್ವಂತ ಮೈಬಣ್ಣ ಪಟ್ಟನೆ ಹೊರಗೆ ಬಂತು.

“ತಡೀರಿ! ಅಲ್ಲೇ ತಡೀರಿ!”

“ಏನಾತೇ?”

“ಅರ್ಧ ಮಾರಿ ಅಷ್ಟ ತೊಳಕೊಳ್ರಿ. ಈ ಕಡಿ ಮುಟ್ಟಬ್ಯಾಡ್ರಿ.”

“ಹುಚ್ಚು ಹಿಡದೈತೇನಲೇ ದುರ್ಗೀ? ರಾತ್ರೆಲ್ಲ ಗಾಡಿ ಹೊಡದು ಬಂದೀನಿ, ನಿದ್ದಿ ಬರಾಕತ್ತೈತಿ.”

“ಅರ್ಧ ನಿದ್ದಿ ಆಮೇಲೆ ಮಾಡ್ರಿ. ಈಗ ಅರ್ಧ ಮಾರಿ ಕೊಡ್ರಿ.”

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮೂಗಿನ ಒಂದು ಬದಿ ಉಜ್ಜಿಕೊಂಡ. ನೀರು ಗದ್ದದಿಂದ ಇಳಿದು, ಕತ್ತಿನ ಕೆಂಪಿನಲ್ಲಿ ಅಂಕುಡೊಂಕು ದಾರಿ ಮಾಡಿಕೊಂಡು ಎದೆಯವರೆಗೆ ಹರಿಯಿತು. ದುರ್ಗಕ್ಕ ಕಂಬದ ಹತ್ತಿರ ಕೂರಿಸಿ ತೆಗೆದಳು, ಬೆಳಕಿಗೆ ತಿರುಗಿಸಿ ತೆಗೆದಳು, ಬಿಳಿ ಬಟ್ಟೆಯನ್ನು ಹಿಂದೆ ಇಳಿಬಿಟ್ಟು ತೆಗೆದಳು. ರೀಲಿನಲ್ಲಿ ಉಳಿದದ್ದೆಲ್ಲ ಅವನ ಮುಖಕ್ಕೇ ಮುಗಿಯಿತು. ಸಿಟ್ಟಿನ ಬೆನ್ನಿಗೇ ಆ ಹಳೆಯ ಖುಷಿಯೂ ಹುಟ್ಟಿತ್ತು.

ಅಂದೇ ಹೊಸಪೇಟೆಯ ಲ್ಯಾಬಿನಲ್ಲಿ ಸಿದ್ದಲಿಂಗೇಶ ಅಭ್ಯಾಸದಂತೆ ಕೆಂಪು ಇಳಿಸಿದ. ತೊಳೆದ ಕೆನ್ನೆ ಹೆಣದ ಹಾಗೆ ಹಸಿರಾಯಿತು. ಏರಿಸಿದ, ತೊಳೆಯದ ಕೆನ್ನೆಗೆ ಬೆಂಕಿ ಬಿದ್ದಂತಾಯಿತು. ಮತ್ತೆ ಇಳಿಸಿದ.

“ಅಕ್ಕ, ಎರಡೂ ಕೂಡ್ತಾ ಇಲ್ಲ.”

“ಕೂಡೋದಿಲ್ಲ. ತೊಳೆದ ಮಾರಿ ಸರಿ ಮಾಡು, ಇನ್ನೊಂದು ಹೆಂಗ್ ಬರ್ತತೋ ಬರ್ಲಿ.”

ಪ್ರಿಂಟು ಹೊರಬಂದಾಗ ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, “ದೊಡ್ಡ ಸೈಜಿನಾಗ ಹಾಕ್ಲೇನಕ್ಕ?” ಎಂದು ಕೇಳಿದ.

ದುರ್ಗಕ್ಕ ನೇರ ಪ್ರದರ್ಶನಕ್ಕೆ ನಡೆದಳು. ಬೇವಿನ ಮರದ ಕೆಳಗಿನ ‘ಕೆಂಪು ಕನಸು’ ಚೀಟಿಯನ್ನು ಯಾರನ್ನೂ ಕೇಳದೆ ಕಿತ್ತಳು. ಫೋಟೋವನ್ನು ‘ನಮ್ಮೂರು’ ಗೋಡೆಗೆ ಒಯ್ದು ತೂಗುಹಾಕಿ, ಪಕ್ಕದಲ್ಲೇ ಗಂಡನ ಮುಖದ ಫೋಟೋವನ್ನು ಗುಂಡುಪಿನ್ನಿನಿಂದ ಸಿಕ್ಕಿಸಿದಳು. ಗದ್ದಲ ಕೇಳಿ ದೊಡ್ಡಬಸಪ್ಪನವರು ಬಂದರು.

“ಇದೇನು ತಂಗಿ? ಕೇಳದೆ ಹಿಂಗ ಮಾಡಬಾರ್ದು.”

“ನೀವೂ ನನ್ನ ಕೇಳದೆ ಹೆಸರಿಟ್ರಿ. ಇಲ್ನೋಡ್ರಿ, ಇದಕ್ಕ ಯಾವ ಬಟ್ಟಿ ಕಟ್ಟೀನಿ, ಹೇಳ್ರಿ.”

ಸಾವ್ಕಾರರು ಕನ್ನಡಕ ಏರಿಸಿದರು. “ಅರ್ಧ ಲೆನ್ಸಿಗೆ ಕಟ್ಟಿ...” ಎಂದು ಶುರು ಮಾಡಿ, ಬೆರಳನ್ನು ಮೂಗಿನ ಗೆರೆಯಿಂದ ಗದ್ದಕ್ಕೆ, ಗದ್ದದಿಂದ ಕತ್ತಿಗೆ ತಂದರು. ನೀರು ಹರಿದ ದಾರಿಯಲ್ಲಿ ಬೆರಳು ಅತ್ತ ಇತ್ತ ಹೊರಳಿ ಎದೆಯ ಹತ್ತಿರ ನಿಂತಿತು. ಅಂಥ ಬಟ್ಟೆಯನ್ನು ಯಾವ ದರ್ಜಿಯೂ ಕತ್ತರಿಸಲಾರ.

“ಯಾರಿವರು?” ಎಂದು ಮೆಲ್ಲಗೆ ಕೇಳಿದರು.

“ನನ್ನ ಗಂಡ. ಮೈನ್ಸಿನಾಗ ಗಾಡಿ ಹೊಡೀತಾನ. ನಂಬಿಕಿ ಬರ್ಲಿಲ್ಲಾಂದ್ರ ನಾಳಿ ಮುಂಜಾನೆ ಮನಿಗೆ ಬರ್ರಿ, ತೊಳಕೊಳ್ಳೋಕಿಂತ ಮೊದ್ಲು ತೋರಸ್ತೀನಿ.”

ದೊಡ್ಡಬಸಪ್ಪನವರು ಕನ್ನಡಕ ಇಳಿಸಿದರು. ಮೂಲೆಯಿಂದ ಬಹುಮಾನದ ರಿಬ್ಬನ್ನು ಬಿಚ್ಚಿ ತಂದು ಬೇವಿನ ಮರಕ್ಕೆ ಕಟ್ಟಲು ಹೋದರು.

“ಅದು ಬ್ಯಾಡ್ರಿ,” ಎಂದು ದುರ್ಗಕ್ಕ ಅವರ ಕೈ ತಡೆದಳು. “ಊರಿನ ಹೆಸರು ಬರೀರಿ. ಸಂಡೂರು ಅಂತ ಬರೀರಿ, ಸಾಕು.”

ಅವರು ಜೇಬಿನಿಂದ ಪೆನ್ನು ತೆಗೆದರು. ಬರೆದು ಮುಗಿಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.