ನಾರಾಯಣಿ ಮೆಟ್ಟಿಲಿಳಿದ ದಿನ

ಅಟ್ಟೂರಿನ ಚಿಕ್ಕಬೈರಪ್ಪನ ದೊಡ್ಡ ಮಗಳ ಹೆಸರು ಮುನಿನಾರಾಯಣಮ್ಮ. ಮನೆಯಲ್ಲಿ ನಾರಾಯಣಿ ಎಂದು ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಬಾವಿಕಟ್ಟೆಯಿಂದ ಬಿದ್ದು ಅವಳ ಎಡಗಾಲು ಮುರಿದಿತ್ತು. ನಾಟಿ ವೈದ್ಯರು ಬಿದಿರ ದಬ್ಬೆ ಇಟ್ಟು ಕಟ್ಟು ಕಟ್ಟಿದರು. ಮೂಳೆ ಕೂಡಿತು. ಆದರೆ ಕಾಲು ಎರಡು ಬೆರಳಿನಷ್ಟು ಗಿಡ್ಡವಾಯಿತು.

ತಾಯಿ ಗೌರಮ್ಮ ಮಗಳಿಗೆ ಇನ್ನೊಂದು ನಡಿಗೆ ಕಲಿಸಿದಳು. ಎಡಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರದೆ ಮುಂಗಾಲಿನ ಮೇಲೆ ನಿಂತರೆ ಎರಡು ಕಾಲೂ ಸಮ. ಸೀರೆಯ ನೆರಿಗೆ ಇಳಿಬಿಟ್ಟರೆ ಹಿಮ್ಮಡಿ ಯಾರಿಗೂ ಕಾಣದು. ಮನೆಯಲ್ಲಿ, ಹೊಲದಲ್ಲಿ, ಕೊಟ್ಟಿಗೆಯಲ್ಲಿ ನಾರಾಯಣಿ ಕುಂಟಿಕೊಂಡೇ ಓಡಾಡುವಳು, ಕಳೆ ಕೀಳುವಾಗ ಅವಳ ಸಾಲೇ ಮೊದಲು ಮುಗಿಯುವುದು. ನೆಂಟರು ಬಂದರೆ ಗೌರಮ್ಮ ಕಣ್ಸನ್ನೆ ಮಾಡುವಳು, ಹಿಮ್ಮಡಿ ಮೇಲೇಳುವುದು. ಮಟ್ಟಸ ನೆಲದಲ್ಲಿ ಗುಟ್ಟು ನಿಲ್ಲುತ್ತಿತ್ತು. ಮೆಟ್ಟಿಲು ಹತ್ತುವುದೂ ಆಗುತ್ತಿತ್ತು. ಇಳಿಯುವುದೇ ಕಷ್ಟ. ಮೈಭಾರವೆಲ್ಲ ಮುಂಗಾಲಿಗೆ ಬಿದ್ದು ಮೀನಖಂಡ ಹರಿದುಹೋದ ಹಾಗೆ ಆಗುತ್ತಿತ್ತು.

ಜಾಲಹಳ್ಳಿಯಲ್ಲಿ ಕಾರ್ಖಾನೆಗಳು ಬಂದು ನಮ್ಮ ಕಡೆಯ ಹುಡುಗರು ಸೈರನ್ನಿನ ಸದ್ದಿಗೆ ಏಳುವುದನ್ನು ಕಲಿತ ಕಾಲ ಅದು. ಕೆಂಪಾಪುರದ ಮುನಿಯಲ್ಲಮ್ಮನ ಮಗ ವೆಂಕಟೇಶಪ್ಪನಿಗೂ ಅಲ್ಲೇ ಕೆಲಸವಾಗಿತ್ತು. ಗಂಡ ಮನೆ ಬಿಟ್ಟು ಹೋದ ಮೇಲೆ ಒಬ್ಬಳೇ ಮಗನನ್ನು ಸಾಕಿದವಳು ಮುನಿಯಲ್ಲಮ್ಮ. ನಾರಾಯಣಿಯನ್ನು ನೋಡಲು ಬಂದಾಗ ಹುಡುಗಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಎಲ್ಲರಿಗೂ ಒಪ್ಪಿಗೆಯಾದಂತೆ ಕಂಡಿತು. ಆದರೆ ವಾರ ಕಳೆದ ಮೇಲೆ ಮುನಿಯಲ್ಲಮ್ಮನ ಕಡೆಯಿಂದ ಹೀಗೆ ಸುದ್ದಿ ಬಂತು: "ರಂಗನಾಥಸ್ವಾಮಿಗೆ ಹರಕೆ ಐತೆ. ವ್ಯಾನ್ ಗೊತ್ತು ಮಾಡಿದ್ದೀವಿ. ಹೆಣ್ಣನ್ನೂ ಕರ್ಕೊಂಡು ನೀವೂ ಬನ್ನಿ. ದ್ವೀಪ ಪೂರಾ ಸುತ್ತಿ ನೋಡ್ಕೊಂಡು ಬರಾನ."

ಚಿಕ್ಕಬೈರಪ್ಪ ಎಲೆಯಡಿಕೆ ಉಗುಳಿ ಬಂದು ಹೆಂಡತಿಗೆ ಮೆಲ್ಲಗೆ ಹೇಳಿದ. "ಯಾರೋ ಊದವ್ರೆ ಕಣೆ. ಹೆಣ್ಣು ನಡೆಯೋದು ನೋಡಾಕೆ ಕರೀತಾವ್ಳೆ."

"ಬರಾಕಿಲ್ಲ ಅಂದ್ಬುಡಿ."

"ಬರಾಕಿಲ್ಲ ಅಂದ್ರೆ ಊದಿದ್ದು ನಿಜ ಅಂತ ಆಯ್ತದೆ."

ನಾರಾಯಣಿಗೆ ಆಗಲೇ ಇಪ್ಪತ್ತೆರಡು ದಾಟಿತ್ತು. ಅವಳ ಮದುವೆಯಾಗದೆ ತಂಗಿಯನ್ನು ಕೇಳಲು ಯಾರೂ ಬರುವಂತಿರಲಿಲ್ಲ. ಹಾಗಾಗಿ ಹೊರಟರು.

ಯಶವಂತಪುರದ ಮುಜಫ್ಫರ್ ಸಾಬರ ವ್ಯಾನು ಕೋಳಿ ಕೂಗುವ ಹೊತ್ತಿಗೆ ಬಂತು. ಮದ್ದೂರು, ಮಂಡ್ಯ ದಾಟಿ, ಕಾವೇರಿಯ ಸೇತುವೆಯ ಮೇಲೆ ಹೋಗಿ ಶ್ರೀರಂಗಪಟ್ಟಣ ಸೇರುವಾಗ ಬಿಸಿಲೇರಿತ್ತು. ಸಾಬರಿಗೆ ಪರಿಚಯದ ನರಸಿಂಹಯ್ಯ ಅಲ್ಲಿ ಕೊಡೆ ಹಿಡಿದು ಕಾಯುತ್ತಿದ್ದರು. ಮೇಷ್ಟ್ರಾಗಿದ್ದು ನಿವೃತ್ತರಾದವರು. ದಿನಕ್ಕೆ ಒಂದೇ ಮನೆಯವರನ್ನು ಕರೆದುಕೊಂಡು ದ್ವೀಪವೆಲ್ಲ ತೋರಿಸಿ ಕಥೆ ಹೇಳುವುದು ಅವರ ವೃತ್ತಿ.

"ಬನ್ನಿ ತಾಯಂದಿರೇ. ಸುತ್ತಲೂ ಕಾವೇರಿ, ನಡುವೆ ನಾವು. ಮೊದಲು ಸ್ವಾಮಿ ದರ್ಶನ, ಆಮೇಲೆ ಸುಲ್ತಾನರ ಕಾಲ."

"ಊಟ ಯಾವ ಕಾಲದಲ್ಲಿ ಸ್ವಾಮಿ?" ಎಂದಳು ಮುನಿಯಲ್ಲಮ್ಮ. ಎಲ್ಲರೂ ನಕ್ಕರು. ನಾರಾಯಣಿಯೂ ನಕ್ಕಳು. ಹಿಮ್ಮಡಿ ಮಾತ್ರ ಮೇಲೆಯೇ ಇತ್ತು.

ಗುಡಿಯೊಳಗೆ ಮಲಗಿದ ರಂಗನಾಥನನ್ನು ನೋಡಿ ಕೈಮುಗಿದರು. ಅರ್ಚಕರು ತೀರ್ಥ ಕೊಟ್ಟರು. ಚಿಕ್ಕಬೈರಪ್ಪ ಬೊಗಸೆಯಲ್ಲಿ ಹಿಡಿದ ತೀರ್ಥವನ್ನು ಬಾಯಿಗೆ ಎತ್ತುವಷ್ಟರಲ್ಲಿ ಮುನಿಯಲ್ಲಮ್ಮ ಅವನ ಮುಂದೆ ಬಂದು ನಿಂತಳು.

"ಬೈರಪ್ಪಣ್ಣ, ಒಂದ್ ಮಾತು. ತಪ್ಪು ತಿಳ್ಕಾಬ್ಯಾಡ. ಯಲಹಂಕ ಸಂತೇಲಿ ಯಾರೋ ಏನೋ ಅಂದ್ರು. ನಾನು ನಂಬಲಿಲ್ಲ. ಕೈಯಾಗೆ ತೀರ್ಥ ಐತೆ, ಎದುರಿಗೆ ಸ್ವಾಮಿ ಅವ್ನೆ. ಹೆಣ್ಣಿಗೆ ಅಂಗದಾಗೆ ಊನ ಇಲ್ಲ ಅಂತ ಒಂದ್ ಸಲ ಹೇಳ್ಬುಡು. ನಾನಿನ್ನು ಕೇಳಾಕಿಲ್ಲ."

ಚಿಕ್ಕಬೈರಪ್ಪ ಮಗಳ ಕಡೆ ನೋಡಲಿಲ್ಲ. ಹೆಂಡತಿಯ ಕಡೆಯೂ ನೋಡಲಿಲ್ಲ. "ಸ್ವಾಮಿ ಆಣೆಗೂ ಏನೂ ಇಲ್ಲ ಕಣಮ್ಮ" ಎಂದ. ತೀರ್ಥ ಕುಡಿದು ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡ.

ಅಲ್ಲಿಯವರೆಗೆ ನಾರಾಯಣಿಗೆ ಮದುವೆಯದೊಂದೇ ಹೆದರಿಕೆ ಇತ್ತು. ಈಗ ಅಪ್ಪನ ಆಣೆಯೂ ಅವಳ ಹಿಮ್ಮಡಿಯ ಮೇಲೆ ಬಂದು ಕೂತಿತು. ಹಿಮ್ಮಡಿ ನೆಲ ಮುಟ್ಟಿದರೆ ದೇವರ ಮುಂದೆ ಅಪ್ಪ ಸುಳ್ಳುಗಾರ.

ಮುಂದೆ ಸೆರೆಮನೆ. ನೆಲದ ಮಟ್ಟಕ್ಕಿಂತ ಕೆಳಗೆ ಇಟ್ಟಿಗೆಯ ಕಮಾನುಗಳು, ಇಳಿದು ಹೋಗಬೇಕು. "ನೀನು ಮುಂದೆ ನಡಿ ಮಗ, ನಾನು ನಿನ್ನ ಇಂದೆ ಬತ್ತೀನಿ" ಎಂದಳು ಮುನಿಯಲ್ಲಮ್ಮ. ಗೌರಮ್ಮ ಓಡಿ ಬಂದು ಮಗಳ ತೋಳು ಹಿಡಿದಳು.

"ಕತ್ಲೆ ಅಂದ್ರೆ ಇವಳಿಗೆ ಭಯ."

"ನಡುಮಧ್ಯಾಹ್ನದಾಗೆ ಎಂಥ ಕತ್ಲೆ?"

ನಾರಾಯಣಿ ಒಂದೊಂದೇ ಹೆಜ್ಜೆ ಇಟ್ಟಳು. ಹಲ್ಲು ಕಚ್ಚಿ ಮುಂಗಾಲಿನ ಮೇಲೇ ಇಳಿದಳು. ಬೆನ್ನ ಹಿಂದೆ ಮುನಿಯಲ್ಲಮ್ಮನ ಬಳೆಗಳ ಸದ್ದು ಬರುತ್ತಿತ್ತು. ಕೆಳಗೆ ತಲುಪುವಾಗ ಅವಳ ಮೇಲ್ತುಟಿಯ ಮೇಲೆ ಬೆವರು ನಿಂತಿತ್ತು. ನರಸಿಂಹಯ್ಯ ಗೋಡೆಯಿಂದ ಚಾಚಿದ ಕಲ್ಲುಗಳನ್ನು ತೋರಿಸಿದರು. ಕೈದಿಗಳ ಕೈಗಳನ್ನು ಅವಕ್ಕೆ ಕಟ್ಟುತ್ತಿದ್ದರಂತೆ, ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ ಎಂದರು. ವೆಂಕಟೇಶಪ್ಪ ಒಂದು ಕಲ್ಲನ್ನು ಮುಟ್ಟಿ, "ಎಷ್ಟು ದಿನ ನಿಲ್ಲೋಕಾಗ್ತದೆ ಸ್ವಾಮಿ ಇಂಗೆ?" ಎಂದು ಕೇಳಿದ. ಬೆಳಗಿನಿಂದ ಅವನು ಆಡಿದ ದೊಡ್ಡ ಮಾತು ಅದೇ. ನಾರಾಯಣಿ ಅವನ ಮುಖ ನೋಡಿದಳು. ಕೆಟ್ಟವನಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಸಂಕಟ ಹೆಚ್ಚಾಯಿತು.

ದರಿಯಾ ದೌಲತ್ತಿನ ತೋಟದಲ್ಲಿ ಮರದ ಕೆಳಗೆ ಬುತ್ತಿ ಬಿಚ್ಚಿದರು. ಚಿತ್ರಾನ್ನ, ಮೊಸರನ್ನ, ಹುರುಳಿಕಾಳಿನ ಚಟ್ನಿ. ಮುನಿಯಲ್ಲಮ್ಮನ ಮುಖ ತಿಳಿಯಾಗಿತ್ತು. ತನ್ನ ಎಲೆಯಿಂದ ಚಿತ್ರಾನ್ನದ ಒಂದು ಉಂಡೆಯನ್ನು ನಾರಾಯಣಿಯ ಎಲೆಗೆ ಹಾಕಿ, "ತಿನ್ನು ಮಗ. ನಮ್ಮನೇಲಿ ಉಣ್ಣಾಕೆ ನಾಚ್ಕೊಂಡ್ರೆ ಸೊರಗಿ ಹೋಗ್ತೀಯ" ಎಂದಳು. ಗೌರಮ್ಮನ ಕಣ್ಣಲ್ಲಿ ನೀರು ಬಂತು, ಖಾರ ಎಂದು ಒರೆಸಿಕೊಂಡಳು.

ತಿನ್ನುತ್ತಲೇ ನಾರಾಯಣಿ ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ಆ ಮನೆಗೆ ಹೋದ ಮೇಲೆ ಹಿಮ್ಮಡಿ ಎತ್ತಿಕೊಂಡೇ ನೀರು ಸೇದಬೇಕು, ಹಿಮ್ಮಡಿ ಎತ್ತಿಕೊಂಡೇ ಬಸುರಿಯಾಗಬೇಕು, ಮಗುವನ್ನು ಸೊಂಟಕ್ಕೆ ಹಾಕಿಕೊಂಡಾಗಲೂ ಇಳಿಸುವಂತಿಲ್ಲ. ಎಷ್ಟು ದಿನ? ಒಂದು ದಿನ ಸಿಕ್ಕಿಬಿದ್ದೇ ಬೀಳುತ್ತಾಳೆ. ಆವತ್ತು ಅಪ್ಪನ ಆಣೆ ಮಗಳ ಮನೆಯೊಳಗೇ ಒಡೆಯುತ್ತದೆ, ಅದನ್ನು ದಿನಾ ಗುಡಿಸಿ ಬಳಿಯುವವಳು ಅವಳೇ.

ಗುಂಬಜ್ಜಿನ ಬಳಿ ನರಸಿಂಹಯ್ಯ ಉಳಿದವರಿಗೆ ಕರಿಕಲ್ಲಿನ ಕಂಬಗಳನ್ನು ತೋರಿಸುತ್ತಿದ್ದಾಗ ಅವಳು ಅಪ್ಪನ ಹತ್ತಿರ ಹೋದಳು.

"ಅಪ್ಪ, ಹೇಳ್ಬುಡಾನ."

"ಬಾಯ್ಮುಚ್ಚು."

"ಆ ಅತ್ತೆ ಒಳ್ಳೆಯವ್ರು ಕಣಪ್ಪ."

"ಒಳ್ಳೆಯವ್ರಾಗಿ ಇರೋವಾಗ್ಲೇ ಮುಗಿಸ್ಕೋಬೇಕು. ತೀರ್ಥ ಕುಡಿದಿದ್ದೀನಿ ಕಣೆ ನಾನು. ಈಗ ಬಾಯಿ ಬಿಟ್ರೆ ನನ್ನ ಹೆಣ ತಗಂಡು ಹೋಗ್ಬೇಕು ನೀನು ಊರಿಗೆ."

ಹೇಳಿ, ತೀರ್ಥ ಹಿಡಿದಿದ್ದ ಕೈಯನ್ನು ಪಂಚೆಯೊಳಗೆ ಮುಚ್ಚಿಟ್ಟುಕೊಂಡ.

ಕೊನೆಗೆ ಸಂಗಮ. ದ್ವೀಪದ ತುದಿಯಲ್ಲಿ ನದಿಯ ಕವಲುಗಳು ಮತ್ತೆ ಕೂಡುವ ಜಾಗ. ಕಲ್ಲಿನ ಮೆಟ್ಟಿಲುಗಳು ನೀರಿನವರೆಗೆ ಇಳಿದಿದ್ದವು. ಮೇಲಿನ ಕಟ್ಟೆಯ ಮೇಲೆ ಎಲ್ಲರೂ ಕೂತರು. ಮುನಿಯಲ್ಲಮ್ಮ ಚೀಲದಿಂದ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ, ಅರಿಶಿನ ಕುಂಕುಮದ ಭರಣಿ ತೆಗೆದಳು. ಬರುವಾಗಲೇ ತಂದಿದ್ದಳು. ಒಪ್ಪಿಗೆಯಾದರೆ ಮುಡಿಸುವುದು, ಇಲ್ಲದಿದ್ದರೆ ಹೊಳೆಗೆ ಬಿಡುವುದು ಎಂದು.

"ಬಾ ಮಗ. ನೀರಿನ ಮುಂದೆ ಮುಡಿಸ್ತೀನಿ. ಇವತ್ತಿಂದ ನೀನು ನಮ್ಮನೆಯವಳು."

ಗೌರಮ್ಮ ಎರಡೂ ಕೈ ಜೋಡಿಸಿದಳು. ಚಿಕ್ಕಬೈರಪ್ಪ ಉಸಿರುಬಿಟ್ಟದ್ದು ಪಕ್ಕದವರಿಗೆ ಕೇಳಿಸಿತು. ತಲೆ ಬಗ್ಗಿಸಿದರೆ ಮುಗಿಯಿತು. ನಾರಾಯಣಿ ಎದ್ದು ನಿಂತಳು.

"ಒಂದ್ ಗಳಿಗೆ ತಡೀರಿ ಅತ್ತೆ. ಕಾಲು ತೊಳ್ಕೊಂಡು ಬತ್ತೀನಿ."

ಹಿಮ್ಮಡಿ ಊರಿದಳು. ಹೊಲದ ಬದುವಿನಿಂದ ಹೇಗೆ ಇಳಿಯುವಳೋ ಹಾಗೆ ಮೆಟ್ಟಿಲಿಳಿದಳು. ಎಡಗಾಲು ಊರಿದಾಗಲೆಲ್ಲ ಸೊಂಟ ಒಂದು ಕಡೆಗೆ ಕುಸಿಯಿತು, ಭುಜ ವಾಲಿತು. ಕಾಲು ತೊಳೆದಳು. ಹಾಗೆಯೇ ಹತ್ತಿ ಬಂದಳು.

ಮೊದಲು ಬಾಯಿ ಬಿಟ್ಟವರು ನರಸಿಂಹಯ್ಯ. ಅವರಿಗೆ ಏನೂ ಗೊತ್ತಿರಲಿಲ್ಲ. "ಜಾರಿದಿರಾ ತಾಯಿ? ಪಾಚಿ ಕಟ್ಟಿದೆ, ಹೇಳಬೇಕಿತ್ತು ನಾನು. ಉಳುಕಿರಬೇಕು."

"ಊಂ ಸ್ವಾಮಿ, ಉಳುಕೈತೆ" ಎಂದು ಗೌರಮ್ಮ ಮುಳುಗುವವರು ಬಳ್ಳಿ ಹಿಡಿದ ಹಾಗೆ ಅದನ್ನು ಹಿಡಿದಳು. "ಉಳುಕೈತೆ, ಎಣ್ಣೆ ಹಚ್ಚಿದ್ರೆ ಸರಿಹೋಯ್ತದೆ."

"ಇಲ್ಲಮ್ಮ, ಜಾರಲಿಲ್ಲ" ಎಂದಳು ನಾರಾಯಣಿ. "ನಾನು ನಡೆಯೋದೇ ಇಂಗೆ ಅತ್ತೆ. ಸಣ್ಣವಳಿದ್ದಾಗ ಬಿದ್ದಿದ್ದು."

ಮುನಿಯಲ್ಲಮ್ಮ ಹುಡುಗಿಯ ಕಾಲು ನೋಡಲಿಲ್ಲ. ಚಿಕ್ಕಬೈರಪ್ಪನನ್ನು ನೋಡಿದಳು. ಅವನು ಹೊಳೆಯ ಕಡೆಗೆ ಮುಖ ತಿರುಗಿಸಿದ್ದ.

"ಮೊದಲೇ ಹೇಳಿದ್ರೆ ಕಾಲು ಗಿಡ್ಡ ಅಂತ ನಾನು ಬ್ಯಾಡ ಅಂತಿದ್ನೋ, ಇರಲಿ ಅಂತಿದ್ನೋ" ಎಂದಳು ನಿಧಾನವಾಗಿ. "ಅದು ಇನ್ನು ನನಗೂ ಗೊತ್ತಾಗಾಕಿಲ್ಲ, ನಿನಗೂ ಗೊತ್ತಾಗಾಕಿಲ್ಲ ಬೈರಪ್ಪಣ್ಣ. ತೀರ್ಥ ಹಿಡಿದು ಆಡಿದ ಮಾತು ನಿಲ್ಲದ ಮನೆ ಜೊತೆ ಬೀಗತನ ಎಂಗೆ ಮಾಡ್ಲಿ?"

"ಅವ್ವ..." ಎಂದ ವೆಂಕಟೇಶಪ್ಪ.

"ನೀನು ಸುಮ್ಕಿರು."

ಅವನು ಸುಮ್ಮನಾದ. ನಾರಾಯಣಿ ಅದನ್ನೂ ನೋಡಿದಳು.

ಮುನಿಯಲ್ಲಮ್ಮ ಮಲ್ಲಿಗೆ ದಂಡೆಯನ್ನು ಕೈಯಲ್ಲಿ ತಿರುಗಿಸಿದಳು. ನೀರಿನ ಕಡೆ ಎರಡು ಹೆಜ್ಜೆ ಹೋದವಳು ನಿಂತು, ಹಿಂದಕ್ಕೆ ಬಂದು ಅದನ್ನು ನಾರಾಯಣಿಯ ತುರುಬಿಗೆ ಮುಡಿಸಿದಳು. "ಇದು ಸಂಬಂಧಕ್ಕಲ್ಲ ಮಗ. ನಿನಗೆ. ಕುಂಕುಮ ಇಡಾಕಿಲ್ಲ" ಎಂದು ಭರಣಿಯನ್ನು ಚೀಲಕ್ಕೆ ಹಾಕಿಕೊಂಡಳು.

ವಾಪಸು ಬರುವ ದಾರಿಯೆಲ್ಲ ಎರಡು ಮನೆಯವರೂ ಒಂದೇ ವ್ಯಾನಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು. ಬೇರೆ ದಾರಿ ಇರಲಿಲ್ಲ. ಮುಜಫ್ಫರ್ ಸಾಬರು ಒಮ್ಮೆ, "ಕ್ಯಾ ಹುವಾ ಯಜಮಾನರೇ, ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದರು.

ಅಂದಿನಿಂದ ಚಿಕ್ಕಬೈರಪ್ಪ ಮಗಳೊಂದಿಗೆ ಮಾತು ಬಿಟ್ಟ. ಅವಳು ಬಡಿಸಿದ ಮುದ್ದೆಯನ್ನು ಉಣ್ಣುವನು, ಸಾರು ಬೇಕಾದರೆ ಹೆಂಡತಿಗೆ ಹೇಳುವನು. "ಗೌರಿ, ಅವಳಿಗೆ ಹೇಳು, ದನಕ್ಕೆ ಹುಲ್ಲು ಹಾಕಲಿ" ಎನ್ನುವನು, ಅವಳು ಎದುರಿಗೇ ನಿಂತಿರುವಾಗ. ರಾಗಿ ಕೊಯ್ಲು ಮುಗಿಯಿತು, ಸಂಕ್ರಾಂತಿ ಕಳೆಯಿತು. "ನೀನು ಮಾಡಿದ್ದು ಸರೀನೇನೆ?" ಎಂದು ಗೌರಮ್ಮ ಒಲೆಯ ಮುಂದೆ ಒಮ್ಮೊಮ್ಮೆ ಕೇಳುವಳು. "ಗೊತ್ತಿಲ್ಲಮ್ಮ" ಎನ್ನುವಳು ನಾರಾಯಣಿ. ನಿಜವಾಗಿಯೂ ಗೊತ್ತಿರಲಿಲ್ಲ. ಹಿಮ್ಮಡಿ ಊರಿ ನಡೆಯುವಾಗ ಕಾಲಿಗೆ ನೆಮ್ಮದಿಯಿತ್ತು. ಅಪ್ಪನ ಬೆನ್ನು ನೋಡುವಾಗ ನೆಮ್ಮದಿ ಇರಲಿಲ್ಲ.

ಬೇಸಿಗೆಗೆ ಇನ್ನೊಂದು ಸಂಬಂಧ ಬಂತು. ಹುಡುಗನ ದೊಡ್ಡಪ್ಪ ಆವಲಪ್ಪ ಮತ್ತು ಜೊತೆಗೆ ಒಂದಿಬ್ಬರು ಬಿಸಿಲಲ್ಲಿ ಯಲಹಂಕದಿಂದ ನಡೆದು ಬಂದರು. ಗೌರಮ್ಮ ಅಡಿಗೆಮನೆಯಿಂದ ಅಭ್ಯಾಸದಂತೆ ಕಣ್ಸನ್ನೆ ಮಾಡಿದಳು. ನಾರಾಯಣಿಯ ಹಿಮ್ಮಡಿ ಮೇಲೇಳಲಿಲ್ಲ. ಹೊರಗೆ ಚಾಪೆ ಹಾಸುವ ಮೊದಲೇ ಚಿಕ್ಕಬೈರಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ನನ್ನ ಮಗಳ ಎಡಗಾಲು ಗಿಡ್ಡ. ಕುಂಟ್ತಾಳೆ. ಕೇಳ್ಕೊಂಡು ಆಮೇಲೆ ಕೂತ್ಕೊಳ್ಳಿ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆವಲಪ್ಪ ತಲೆಯ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. "ಅಲ್ಲಾ ಕಣಯ್ಯ, ಬಾಗಿಲಲ್ಲೇ ಎಲ್ಲಾ ಹೇಳ್ಬುಟ್ಟೆ. ಕೂರೋದೋ ಏಳೋದೋ ಆಮೇಲೆ ನೋಡಾನ, ಮೊದ್ಲು ಕುಡಿಯಾಕೆ ನೀರು ಕೊಡ್ಸಪ್ಪ."

ಚಿಕ್ಕಬೈರಪ್ಪ ಹೆಂಡತಿಯನ್ನು ಕರೆಯಲು ಬಾಯಿ ತೆರೆದವನು ಒಳಗೆ ಮಗಳ ಕಡೆ ತಿರುಗಿದ.

"ನಾರಾಯಣೀ, ನೀರು ತಗಂಡ್ ಬಾ ಮಗ."

ಅವಳು ತಂಬಿಗೆ ತುಂಬಿ, ಹಿಮ್ಮಡಿ ಊರಿಕೊಂಡು ಹೊರಗೆ ಬಂದಳು.